ಅಜ್ಜ ಓದಿದ ಕಾಲೇಜು, ಮೊಮ್ಮಗನ ಸೀಟು: ವರ್ಜೀನಿಯಾ ವಿವಿಯ ಎರಡು ಬಾಗಿಲುಗಳು

2024ರ ಮಾರ್ಚ್‌ನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಗವರ್ನರ್ ಗ್ಲೆನ್ ಯಂಗ್‌ಕಿನ್ ಒಂದು ಪುಟ್ಟ ಕಾನೂನಿಗೆ ಸಹಿ ಹಾಕಿದರು. ಅಪ್ಪನೋ ಅಮ್ಮನೋ ಅಲ್ಲೇ ಓದಿದ್ದರು ಅನ್ನುವ ಕಾರಣಕ್ಕೆ ರಾಜ್ಯದ ಯಾವ ಸರ್ಕಾರಿ ವಿಶ್ವವಿದ್ಯಾಲಯವೂ ಇನ್ನು ಮುಂದೆ ಯಾರಿಗೂ ಪ್ರವೇಶದಲ್ಲಿ ಅನುಕೂಲ ಮಾಡಿಕೊಡುವ ಹಾಗಿಲ್ಲ. ಮನೆಯವರು ದೇಣಿಗೆ ಕೊಟ್ಟಿದ್ದಾರೆ ಅಂತಲೂ ಮಾಡಿಕೊಡುವ ಹಾಗಿಲ್ಲ. ಮಸೂದೆ ತಂದವರು ಡೆಮಾಕ್ರಟರು: ಕೆಳಮನೆಯಲ್ಲಿ ಡ್ಯಾನ್ ಹೆಲ್ಮರ್, ಸೆನೆಟ್‌ನಲ್ಲಿ ಸ್ಕೈಲರ್ ವ್ಯಾನ್‌ವಾಲ್ಕನ್‌ಬರ್ಗ್. ಸಹಿ ಹಾಕಿದ ಗವರ್ನರ್ ರಿಪಬ್ಲಿಕನ್. ಎರಡೂ ಮನೆಗಳಲ್ಲಿ ಒಂದೇ ಒಂದು ವಿರೋಧ ಮತ ಬೀಳಲಿಲ್ಲ. ಇವತ್ತಿನ ಅಮೆರಿಕದಲ್ಲಿ ರಸ್ತೆಗೆ ಹೆಸರಿಡುವುದಕ್ಕೂ ಇಷ್ಟು ಒಮ್ಮತ ಸಿಗುವುದು ಕಷ್ಟ.

ಎಲ್ಲರೂ ಒಪ್ಪುವ ಕಾನೂನು ಅಂದರೆ ನನಗೆ ಸ್ವಲ್ಪ ಅನುಮಾನ. ಯಾರ ಜೇಬಿಗೂ ಕೈ ಹಾಕದ ಕಾನೂನೇ ಸಾಮಾನ್ಯವಾಗಿ ಹೀಗೆ ಸಲೀಸಾಗಿ ಪಾಸಾಗುವುದು. ಅದೇ ರಾಜ್ಯದಲ್ಲಿ 2006ರಿಂದ ಇನ್ನೊಂದು ದಾರಿ ತೆರೆದಿದೆ. ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಯಾರು ಬೇಕಾದರೂ ಸೇರಬಹುದಾದ ಕಾಲೇಜಿನಲ್ಲಿ ಎರಡು ವರ್ಷ ಓದಿ, ಮೊದಲೇ ಗೊತ್ತುಪಡಿಸಿದ ಅಂಕ ತೆಗೆದರೆ, ದೊಡ್ಡ ವಿವಿಯಲ್ಲಿ ಮೂರನೇ ವರ್ಷಕ್ಕೆ ಸೀಟು ಖಾತ್ರಿ. ಅದರ ಸುದ್ದಿ ಕಮ್ಮಿ, ಅದರ ಹಿಂದಿನ ಕೆಲಸ ಜಾಸ್ತಿ. ಒಂದೇ ವಿವಿಯಲ್ಲಿ ಈ ಎರಡು ಬಾಗಿಲು ಹೇಗೆ ನಡೆದವು, ಒಂದು ಮುಚ್ಚಿದ್ದರಿಂದ ಏನಾಯಿತು, ಇನ್ನೊಂದು ನಿಜಕ್ಕೂ ಎಷ್ಟು ತೆರೆದಿದೆ ಅನ್ನುವುದು ಈ ಪ್ರಕರಣದ ವಿಷಯ. ವಿವಿ ಯಾವುದು ಅಂದರೆ ಯುನಿವರ್ಸಿಟಿ ಆಫ್ ವರ್ಜೀನಿಯಾ. ಎಲ್ಲರೂ ಯುವಿಎ ಅನ್ನುತ್ತಾರೆ.

ಯಾರ ಅಜ್ಜ?

ಯುವಿಎ ಇರುವುದು ಷಾರ್ಲಟ್ಸ್‌ವಿಲ್‌ನಲ್ಲಿ. 1819ರಲ್ಲಿ ಥಾಮಸ್ ಜೆಫರ್ಸನ್ ಸ್ಥಾಪಿಸಿದ್ದು. ಸರ್ಕಾರಿ ವಿವಿ, ಆದರೆ ಸೀಟು ಸಿಗುವುದು ಸುಲಭವಲ್ಲ. 2024ರಲ್ಲಿ ಮೊದಲ ವರ್ಷಕ್ಕೆ ಸುಮಾರು 59 ಸಾವಿರ ಅರ್ಜಿ ಬಂದವು. ಪ್ರವೇಶ ಸಿಕ್ಕಿದ್ದು ಆರು ಜನರಲ್ಲಿ ಒಬ್ಬರಿಗೆ. ಮೂರನೇ ಎರಡು ಭಾಗ ಸೀಟು ರಾಜ್ಯದ ಮಕ್ಕಳಿಗೆ ಅನ್ನುವುದು ಅಲ್ಲಿನ ಪದ್ಧತಿ. ಹಾಗಾಗಿ ಹೊರರಾಜ್ಯದವರಿಗೆ ಪೈಪೋಟಿ ಇನ್ನೂ ಬಿಗಿ.

ಇಂಥ ಕಡೆ ಸಣ್ಣ ತಳ್ಳುವಿಕೆಯೂ ದೊಡ್ಡದೇ. ಹಳೆ ವಿದ್ಯಾರ್ಥಿಯ ಮಗ ಅಥವಾ ಮಗಳು ಆಗಿದ್ದರೆ ಅದನ್ನು ‘ಲೆಗಸಿ’ ಅನ್ನುತ್ತಿದ್ದರು. ಅರ್ಜಿಯಲ್ಲಿ ಅದಕ್ಕೆ ಒಂದು ಚೌಕ, ಟಿಕ್ ಹಾಕಿದರೆ ಆಯಿತು. ಹಳೆ ವಿದ್ಯಾರ್ಥಿ ಬೇರೆ ರಾಜ್ಯಕ್ಕೆ ಹೋಗಿ ನೆಲೆಸಿದ್ದರೂ ಅವರ ಮಗುವಿನ ಅರ್ಜಿಯನ್ನು ವರ್ಜೀನಿಯಾದವರ ಜೊತೆಗೇ ಇಟ್ಟು ನೋಡುವ ರೂಢಿ ಬಹಳ ಕಾಲ ಇತ್ತು. ಬಿಗಿಯಾದ ಸಾಲಿನಿಂದ ಸಡಿಲ ಸಾಲಿಗೆ ಬಂದ ಹಾಗೆ ಆಯಿತಲ್ವಾ? ಹಳೆ ವಿದ್ಯಾರ್ಥಿ ಸಂಘದಲ್ಲಿ ಇಂಥ ಮನೆಗಳ ಮಕ್ಕಳಿಗೆ ಪ್ರವೇಶದ ಬಗ್ಗೆ ದಾರಿ ತೋರಿಸುವುದಕ್ಕೇ ಒಂದು ವಿಭಾಗ ಕೂಡ ಇತ್ತು.

ದೇಣಿಗೆಯ ಕಥೆ ಬೇರೆ. 2017ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಒಂದು ವರದಿ ಮಾಡಿತು. ದೊಡ್ಡ ದಾನಿಗಳ ಮತ್ತು ಪ್ರಭಾವಿ ಹಳೆ ವಿದ್ಯಾರ್ಥಿಗಳ ಮಕ್ಕಳು ಅರ್ಜಿ ಹಾಕಿದಾಗ, ವಿವಿಯ ನಿಧಿ ಸಂಗ್ರಹದ ಕಚೇರಿ ಅವರ ಹೆಸರುಗಳ ಪಟ್ಟಿ ಇಟ್ಟುಕೊಂಡು ಗಮನಿಸುತ್ತಿತ್ತು. ಮಾಹಿತಿ ಹಕ್ಕಿನಡಿ ಸಿಕ್ಕ ಕಾಗದಗಳಿಂದ ಇದು ಹೊರಬಂತು. ಪ್ರವೇಶದ ತೀರ್ಮಾನದಲ್ಲಿ ಆ ಕಚೇರಿಯ ಕೈ ಇಲ್ಲ ಅಂತ ವಿವಿ ಹೇಳಿತು. ಇರಬಹುದು. ಆದರೆ ತೀರ್ಮಾನಕ್ಕೆ ಸಂಬಂಧವೇ ಇಲ್ಲದ ಪಟ್ಟಿಯನ್ನು ಅಷ್ಟು ಶ್ರದ್ಧೆಯಿಂದ ಯಾರು ತಾನೆ ಮಾಡುತ್ತಾರೆ?

ಸರ್ಕಾರಿ ವಿವಿಗೆ ಇದೆಲ್ಲ ಯಾಕೆ ಬೇಕು ಅಂತ ಕೇಳಬಹುದು. ಉತ್ತರ ದುಡ್ಡು. ಆಸ್ಪತ್ರೆಯೂ ಸೇರಿದ ಯುವಿಎಯ ಒಟ್ಟು ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಕೊಡುವುದು ಹತ್ತನೇ ಒಂದು ಭಾಗಕ್ಕೂ ಕಮ್ಮಿ. ದತ್ತಿನಿಧಿ 1,000 ಕೋಟಿ ಡಾಲರ್‌ಗೂ ಜಾಸ್ತಿ. ಆ ನಿಧಿ ಬೆಳೆದದ್ದು ಹಳೆ ವಿದ್ಯಾರ್ಥಿಗಳ ಪ್ರೀತಿಯಿಂದ. ಆ ಪ್ರೀತಿಗೆ ಒಂದು ನಿರೀಕ್ಷೆ ಅಂಟಿಕೊಂಡಿರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು.

ಲೆಗಸಿ ಮಕ್ಕಳೆಲ್ಲ ದಡ್ಡರು, ಅಜ್ಜನ ಹೆಸರಿನ ಮೇಲೆ ನುಗ್ಗಿದವರು ಅಂತ ಯಾರೂ ಅಂದುಕೊಳ್ಳಬೇಡಿ. ಓದಿದ ಮನೆಯ ಮಕ್ಕಳು, ಒಳ್ಳೆಯ ಶಾಲೆಗೆ ಹೋದವರು. ಬಹಳಷ್ಟು ಜನಕ್ಕೆ ಅನುಕೂಲ ಇಲ್ಲದೆಯೂ ಸೀಟು ಸಿಗುತ್ತಿತ್ತು. ನನ್ನ ತಕರಾರು ಅವರ ಯೋಗ್ಯತೆಯ ಬಗ್ಗೆ ಅಲ್ಲ. ಆ ಚೌಕಕ್ಕೆ ಟಿಕ್ ಹಾಕುವ ಅವಕಾಶ ಯಾರಿಗೆ ಇತ್ತು ಅನ್ನುವುದರ ಬಗ್ಗೆ.

1935ರಲ್ಲಿ ಆಲಿಸ್ ಜಾಕ್ಸನ್ ಅನ್ನುವ ಕಪ್ಪು ಮಹಿಳೆ ಯುವಿಎಯಲ್ಲಿ ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿದರು. ವಿವಿ ನಿರಾಕರಿಸಿತು. ಮರುವರ್ಷ ರಾಜ್ಯ ಸರ್ಕಾರ ಒಂದು ಕಾನೂನು ಮಾಡಿತು: ಇಂಥ ಕಪ್ಪು ವಿದ್ಯಾರ್ಥಿಗಳು ಬೇರೆ ರಾಜ್ಯಕ್ಕೆ ಹೋಗಿ ಓದಲಿ, ಖರ್ಚಿನ ವ್ಯತ್ಯಾಸ ನಾವು ಕೊಡುತ್ತೇವೆ. ಅಂದರೆ ಒಳಗೆ ಬಿಡದಿರುವುದಕ್ಕೆ ಸರ್ಕಾರವೇ ದುಡ್ಡು ಕೊಟ್ಟಿತು. 1950ರಲ್ಲಿ ಗ್ರೆಗರಿ ಸ್ವಾನ್ಸನ್ ಕೋರ್ಟಿಗೆ ಹೋಗಿ ಗೆದ್ದು ಕಾನೂನು ಶಾಲೆಗೆ ಸೇರಿದರು. 1955ರಲ್ಲಿ ಕೆಲವೇ ಕಪ್ಪು ಹುಡುಗರು ಎಂಜಿನಿಯರಿಂಗ್‌ಗೆ ಬಂದರು. ಅವರಲ್ಲಿ ರಾಬರ್ಟ್ ಬ್ಲ್ಯಾಂಡ್ 1959ರಲ್ಲಿ ಪದವಿ ಮುಗಿಸಿದರು; ಯುವಿಎಯಿಂದ ಸ್ನಾತಕ (ಅಂಡರ್‌ಗ್ರಾಜುಯೇಟ್) ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅವರೇ. ಹೆಂಗಸರಿಗೆ ಪದವಿ ತರಗತಿಗಳು ಪೂರ್ತಿಯಾಗಿ ತೆರೆಯಲು ಶುರುವಾದದ್ದು 1970ರಲ್ಲಿ, ಅದೂ ಕೋರ್ಟಿನ ಮೊಕದ್ದಮೆ ಆದ ಮೇಲೆ.

ಈಗ ಲೆಕ್ಕ ಹಾಕಿ. 2023ರಲ್ಲಿ ಅರ್ಜಿ ಹಾಕಿದ ಹದಿನೇಳು ವರ್ಷದ ಹುಡುಗನ ಅಜ್ಜ ಕಾಲೇಜಿಗೆ ಹೋಗಿದ್ದು 1960ರ ದಶಕದ ಆಸುಪಾಸಿನಲ್ಲಿ. ಆಗ ಯುವಿಎಯಲ್ಲಿ ಇದ್ದವರು ಹೆಚ್ಚೂಕಮ್ಮಿ ಎಲ್ಲರೂ ಬಿಳಿಯ ಗಂಡಸರು. ಅಜ್ಜ ಓದಿದ್ದರೆ ಅಪ್ಪನಿಗೆ ಚೌಕ, ಅಪ್ಪ ಓದಿದ್ದರೆ ಮಗನಿಗೆ ಚೌಕ. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಅಜ್ಜ ಎಸೆದ ಟವೆಲ್ ಮೊಮ್ಮಗನ ಕಾಲದವರೆಗೂ ಅಲ್ಲೇ ಇತ್ತು. ಬೇರೆಯವರ ಅಜ್ಜನನ್ನು ಆಗ ಬಸ್ ಹತ್ತಿರಕ್ಕೂ ಬಿಟ್ಟಿರಲಿಲ್ಲ.

ಇದಕ್ಕೆ ಇನ್ನೊಂದು ಮುಖ ಇದೆ, ಅದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ. 1970ರ ನಂತರ ಓದಿದ ಕಪ್ಪು ಹಳೆ ವಿದ್ಯಾರ್ಥಿಗಳ ಸಂಖ್ಯೆ ಈಗ ದೊಡ್ಡದಿದೆ. ಅವರ ಮಕ್ಕಳು, ಮೊಮ್ಮಕ್ಕಳು ಕಾಲೇಜಿನ ವಯಸ್ಸಿಗೆ ಬಂದಿದ್ದಾರೆ. ‘ನಮ್ಮ ಸರದಿ ಬಂದಾಗಲೇ ನಿಯಮ ಕಿತ್ತುಹಾಕಿದಿರಲ್ಲ’ ಅನ್ನುವ ಮಾತು ದೇಶದ ಹಲವು ಕಡೆ ಕಪ್ಪು ಹಳೆ ವಿದ್ಯಾರ್ಥಿಗಳಿಂದ ಬಂತು. ಆ ಮಾತಿನಲ್ಲಿ ನ್ಯಾಯ ಇದೆ. ಆದರೂ ಕೆಟ್ಟ ನಿಯಮದ ಪಾಲು ಎಲ್ಲರಿಗೂ ಸಿಗಲಿ ಅನ್ನುವುದಕ್ಕಿಂತ ನಿಯಮ ಹೋಗುವುದೇ ಮೇಲು ಅಂತ ನನಗೆ ಅನ್ನಿಸುತ್ತದೆ.

ಉತ್ತರ ವರ್ಜೀನಿಯಾದ ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೂ ಇದು ಸಂಬಂಧಪಟ್ಟದ್ದೇ. ಐಟಿ ಕೆಲಸಕ್ಕೆ ಅಂತ ಹೋದ ಅಪ್ಪ-ಅಮ್ಮ ಓದಿದ್ದು ಮೈಸೂರಿನಲ್ಲೋ, ದಾವಣಗೆರೆಯಲ್ಲೋ, ಸುರತ್ಕಲ್‌ನಲ್ಲೋ. ಷಾರ್ಲಟ್ಸ್‌ವಿಲ್‌ನ ಚೌಕಕ್ಕೆ ಅದು ಲೆಕ್ಕಕ್ಕಿಲ್ಲ.

ಚೌಕ ಹೋಯಿತು, ಪ್ರಬಂಧ ಬಂತು

ಬದಲಾವಣೆಗೆ ಕಿಡಿ ಹಚ್ಚಿದ್ದು 2023ರ ಜೂನ್ 29. ಹಾರ್ವರ್ಡ್ ಮತ್ತು ನಾರ್ತ್ ಕೆರೊಲೈನಾ ವಿವಿಗಳ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ ಅಂದಿತು. ಮರುದಿನದಿಂದಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಜನಾಂಗ ನೋಡಬಾರದು ಅಂದಮೇಲೆ ಅಪ್ಪ ಯಾರು ಅಂತ ಮಾತ್ರ ಯಾಕೆ ನೋಡಬೇಕು?

ಈ ಪ್ರಶ್ನೆ ಹೊಸದೇನಲ್ಲ. ಟೆಕ್ಸಸ್‌ನಲ್ಲಿ ಇಪ್ಪತ್ತು ವರ್ಷ ಮೊದಲೇ ಇದೇ ನಡೆದಿತ್ತು. ಅಲ್ಲಿನ ದೊಡ್ಡ ಸರ್ಕಾರಿ ವಿವಿ ಟೆಕ್ಸಸ್ ಎ ಅಂಡ್ ಎಂ, 2003ರ ಕೊನೆಯಲ್ಲಿ ತಾನು ಜನಾಂಗ ನೋಡಿ ಪ್ರವೇಶ ಕೊಡುವುದಿಲ್ಲ ಅಂತ ಘೋಷಿಸಿತು. ಶಾಸಕರು, ನಾಗರಿಕ ಹಕ್ಕುಗಳ ಹೋರಾಟಗಾರರು ತಿರುಗಿ ಬಿದ್ದರು: ಹಾಗಾದರೆ ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಅಂಕ? 2004ರ ಜನವರಿಯಲ್ಲಿ ವಿವಿಯ ಅಧ್ಯಕ್ಷ ರಾಬರ್ಟ್ ಗೇಟ್ಸ್ ಅದನ್ನೂ ತೆಗೆದರು. ಇವರೇ ಆಮೇಲೆ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಆದವರು. ಲೆಗಸಿ ತೆಗೆದಿದ್ದಕ್ಕೆ ಎ ಅಂಡ್ ಎಂ ಮುಳುಗಲಿಲ್ಲ. ಹಳೆ ವಿದ್ಯಾರ್ಥಿಗಳ ಅಭಿಮಾನಕ್ಕೆ ಇವತ್ತಿಗೂ ಅದು ಹೆಸರುವಾಸಿ.

ವರ್ಜೀನಿಯಾಕ್ಕೆ ಬರೋಣ. 2023ರ ಬೇಸಿಗೆಯಲ್ಲಿ ರಾಜ್ಯದ ಇನ್ನೊಂದು ಸರ್ಕಾರಿ ವಿವಿ ವರ್ಜೀನಿಯಾ ಟೆಕ್ ಮೊದಲು ಹೆಜ್ಜೆ ಇಟ್ಟಿತು. ಲೆಗಸಿ ನೋಡುವುದಿಲ್ಲ ಅಂದಿತು. ಜೊತೆಗೆ ‘ಅರ್ಲಿ ಡಿಸಿಷನ್’ ಅನ್ನುವ ಪದ್ಧತಿಯನ್ನೂ ಕೈಬಿಟ್ಟಿತು. ಸೀಟು ಕೊಟ್ಟರೆ ಖಂಡಿತ ಸೇರುತ್ತೇನೆ ಅಂತ ಮೊದಲೇ ಬರೆದುಕೊಟ್ಟು ಬೇಗ ಅರ್ಜಿ ಹಾಕುವ ಪದ್ಧತಿ ಅದು. ಯಾವ ಕಾಲೇಜು ಎಷ್ಟು ಹಣಸಹಾಯ ಕೊಡುತ್ತದೆ ಅಂತ ಹೋಲಿಸಿ ನೋಡಬೇಕಾದ ಮನೆಯ ಮಕ್ಕಳು ಅಂಥ ಮಾತು ಕೊಡುವುದು ಕಷ್ಟ. ಹಾಗಾಗಿ ಅದರ ಲಾಭ ಹೋಗುವುದು ಬಹುಪಾಲು ಅನುಕೂಲಸ್ಥರಿಗೆ.

ಯುವಿಎ ಆಗಸ್ಟ್ 1ರಂದು ತನ್ನ ತೀರ್ಮಾನ ಹೇಳಿತು. ಟಿಕ್ ಹಾಕುವ ಚೌಕ ಇನ್ನು ತೀರ್ಮಾನ ಮಾಡುವವರಿಗೆ ಕಾಣುವುದಿಲ್ಲ. ಆದರೆ ಅದರ ಜಾಗದಲ್ಲಿ ಬೇಕಿದ್ದರೆ ಬರೆಯಬಹುದಾದ ಒಂದು ಪುಟ್ಟ ಪ್ರಬಂಧ. ಯುವಿಎ ಜೊತೆ ನಿಮಗೆ ವೈಯಕ್ತಿಕ ಅಥವಾ ಚಾರಿತ್ರಿಕ ನಂಟು ಇದ್ದರೆ, ಅದು ನಿಮ್ಮನ್ನು ಹೇಗೆ ರೂಪಿಸಿತು ಅಂತ ಬರೆಯಿರಿ ಅನ್ನುವ ಪ್ರಶ್ನೆ. ಹಳೆ ವಿದ್ಯಾರ್ಥಿಗಳ ಮಕ್ಕಳು ಮಾತ್ರ ಅಲ್ಲ, ಆ ವಿವಿಯನ್ನು ಕಟ್ಟಿದ ಗುಲಾಮರ ವಂಶದವರೂ ಬರೆಯಬಹುದು ಅಂತ ವಿವಿ ವಿವರಿಸಿತು. ಅರ್ಲಿ ಡಿಸಿಷನ್ ಮಾತ್ರ ಹಾಗೇ ಉಳಿಯಿತು.

ಜಾಣ ನಡೆ ಅನ್ನಲೇಬೇಕು. ಗುಲಾಮರ ವಂಶದವರಿಗೆ ಬಾಗಿಲು ತೋರಿಸಿದ್ದು ಸುಮ್ನೆ ನೆಪ ಅಂತ ನಾನು ಹೇಳುವುದಿಲ್ಲ. ಜೆಫರ್ಸನ್‌ನ ವಿವಿಯ ಇಟ್ಟಿಗೆ ಇಟ್ಟಿಗೆಯಲ್ಲೂ ಆ ಜನರ ದುಡಿಮೆ ಇದೆ, ಅವರ ಸ್ಮಾರಕವೂ ಈಗ ಕ್ಯಾಂಪಸ್‌ನಲ್ಲಿದೆ. ಆದರೆ ಚೌಕ ಹೇಳುತ್ತಿದ್ದದ್ದು ಹೌದು ಅಥವಾ ಇಲ್ಲ, ಅಷ್ಟೇ. ಪ್ರಬಂಧದಲ್ಲಿ ಅಪ್ಪನ ಹಾಸ್ಟೆಲ್ ಕಥೆ, ಅಮ್ಮನ ಪದವಿ ಸಮಾರಂಭ, ಚಿಕ್ಕಂದಿನಿಂದ ನೋಡಿದ ಫುಟ್‌ಬಾಲ್ ಪಂದ್ಯ ಎಲ್ಲವೂ ಬರಬಹುದಿತ್ತು. ಚೌಕಕ್ಕಿಂತ ಪ್ರಬಂಧ ಜಾಸ್ತಿ ಮಾತಾಡುತ್ತಿತ್ತು. ಬರೆಯಲು ಹೇಳಿಕೊಡುವವರು ಮನೆಯಲ್ಲೇ ಇರುವ ಮಕ್ಕಳಿಗೆ ಅದು ಇನ್ನೂ ಸುಲಭವಾಗಿತ್ತು.

ಆಮೇಲೆ ಬಂದದ್ದು 2024ರ ಕಾನೂನು, ಆ ವರ್ಷದ ಜುಲೈ 1ರಿಂದ ಜಾರಿ. ಅದು ತಡೆಯುವುದು ಅನುಕೂಲ ಮಾಡಿಕೊಡುವುದನ್ನು. ವಿಷಯ ತಿಳಿಯುವುದನ್ನು ಅಲ್ಲ. ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ‘ಕಾಮನ್ ಅಪ್ಲಿಕೇಷನ್’ ಅನ್ನುವ ಅರ್ಜಿಯಲ್ಲಿ ಅಪ್ಪ-ಅಮ್ಮ ಎಲ್ಲಿ ಓದಿದರು ಅಂತ ಕೇಳುವುದು ಮಾಮೂಲು. ಓದುವವರ ಮನಸ್ಸಿನಿಂದ ಅದನ್ನು ಅಳಿಸುವ ಕಾನೂನು ಯಾರ ಕೈಲೂ ಆಗುವುದಿಲ್ಲ. ಹಾಗಂತ ಕಾನೂನು ವ್ಯರ್ಥ ಅಲ್ಲ. ನಿಧಿ ಸಂಗ್ರಹದವರ ಫೋನು ಬಂದರೆ ‘ಕಾನೂನು ಒಪ್ಪಲ್ಲ’ ಅನ್ನುವುದಕ್ಕೆ ಪ್ರವೇಶ ವಿಭಾಗದವರಿಗೆ ಈಗ ಒಂದು ಆಸರೆ ಇದೆ.

ಬೇರೆ ರಾಜ್ಯಗಳ ಸಾಲೂ ಬೆಳೆದಿದೆ. ಸರ್ಕಾರಿ ವಿವಿಗಳಲ್ಲಿ ಲೆಗಸಿ ನಿಷೇಧಿಸಿದ ಮೊದಲ ರಾಜ್ಯ ಕೊಲರಾಡೊ, 2021ರಲ್ಲಿ. 2024ರಲ್ಲಿ ವರ್ಜೀನಿಯಾ ಅಲ್ಲದೆ ಮೇರಿಲ್ಯಾಂಡ್, ಇಲಿನಾಯ್, ಕ್ಯಾಲಿಫೋರ್ನಿಯಾ ಕೂಡ ಕಾನೂನು ಮಾಡಿದವು. ಮೇರಿಲ್ಯಾಂಡ್, ಕ್ಯಾಲಿಫೋರ್ನಿಯಾ ಖಾಸಗಿ ಕಾಲೇಜುಗಳನ್ನೂ ಬಿಡಲಿಲ್ಲ. ವರ್ಜೀನಿಯಾದ ಕಾನೂನು ಖಾಸಗಿಯವರನ್ನು ಮುಟ್ಟುವುದಿಲ್ಲ.

ಇದರಿಂದ ಎಷ್ಟು ಸೀಟು ಕೈ ಬದಲಾಗುತ್ತದೆ? ತುಂಬ ಅಲ್ಲ ಅಂತ ನನ್ನ ಅಂದಾಜು. 2023ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಮಾಡಿದ ಅಧ್ಯಯನ ದೊಡ್ಡ ಸುದ್ದಿಯಾಯಿತು. ಹಾರ್ವರ್ಡ್‌ನಂಥ ಹನ್ನೆರಡು ಖಾಸಗಿ ವಿವಿಗಳಲ್ಲಿ, ಪರೀಕ್ಷೆಯ ಅಂಕ ಒಂದೇ ಇದ್ದರೂ ಅತಿ ಶ್ರೀಮಂತರ ಮಕ್ಕಳಿಗೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಅವಕಾಶ ಅಂತ ಅದು ತೋರಿಸಿತು. ಅದೇ ಅಧ್ಯಯನದ ಇನ್ನೊಂದು ಮಾತು ಅಷ್ಟು ಸುದ್ದಿಯಾಗಲಿಲ್ಲ: ರಾಜ್ಯಗಳ ಪ್ರಮುಖ ಸರ್ಕಾರಿ ವಿವಿಗಳಲ್ಲಿ ಅಂಥ ಅಂತರ ಕಾಣಲಿಲ್ಲ. ಅಂದರೆ ಸರ್ಕಾರಿ ವಿವಿಯಲ್ಲಿ ತೊಂದರೆ ಇರುವುದು ಪ್ರವೇಶ ಸಮಿತಿಯ ಮೇಜಿನ ಮೇಲೆ ಕಮ್ಮಿ, ಅದಕ್ಕೂ ಮೊದಲೇ ಜಾಸ್ತಿ. ಯಾವ ಮಗುವಿನ ಅರ್ಜಿ ಆ ಮೇಜಿನವರೆಗೆ ಬರುತ್ತದೆ, ಯಾವುದು ಬರುವುದೇ ಇಲ್ಲ ಅನ್ನುವಲ್ಲಿ.

ಹಿಂದಿನ ಬಾಗಿಲಲ್ಲ, ಪಕ್ಕದ ಬಾಗಿಲು

ವರ್ಜೀನಿಯಾದಲ್ಲಿ ಕಮ್ಯುನಿಟಿ ಕಾಲೇಜುಗಳ ವ್ಯವಸ್ಥೆ ಶುರುವಾದದ್ದು 1966ರಲ್ಲಿ. ಈಗ 23 ಕಾಲೇಜುಗಳಿವೆ. ಹೈಸ್ಕೂಲ್ ಮುಗಿಸಿದ ಯಾರು ಬೇಕಾದರೂ ಸೇರಬಹುದು. ಕೆಲಸ ಮಾಡುತ್ತಾ ಓದುವವರು, ಮಕ್ಕಳಿರುವ ಅಮ್ಮಂದಿರು, ಸೈನ್ಯದಿಂದ ಬಂದವರು, ಈಚೆಗೆ ದೇಶಕ್ಕೆ ಬಂದವರು ಎಲ್ಲರೂ ಒಂದೇ ತರಗತಿಯಲ್ಲಿ ಸಿಗುತ್ತಾರೆ.

2005ರಲ್ಲಿ ರಾಜ್ಯ ಸರ್ಕಾರ ಮತ್ತು ವಿವಿಗಳ ನಡುವೆ ಒಂದು ಕೊಡುಕೊಳ್ಳುವಿಕೆ ನಡೆಯಿತು. ಹಣಕಾಸು, ಆಡಳಿತದಲ್ಲಿ ವಿವಿಗಳಿಗೆ ಜಾಸ್ತಿ ಸ್ವಾತಂತ್ರ್ಯ ಕೊಟ್ಟರು. ಅದಕ್ಕೆ ಬದಲಾಗಿ ಸರ್ಕಾರ ಕೆಲವು ಗುರಿಗಳನ್ನು ಇಟ್ಟಿತು. ಕಮ್ಯುನಿಟಿ ಕಾಲೇಜಿನಿಂದ ಬರುವವರಿಗೆ ದಾರಿ ಮಾಡಿಕೊಡುವುದು ಅವುಗಳಲ್ಲಿ ಒಂದು. 2006ರಲ್ಲಿ ಯುವಿಎ ಖಾತ್ರಿ ಪ್ರವೇಶದ ಒಪ್ಪಂದಕ್ಕೆ ಸಹಿ ಹಾಕಿತು. 2007ರಲ್ಲಿ ಹೀಗೆ ಬರುವ ಮಕ್ಕಳಿಗೆ ರಾಜ್ಯದಿಂದ ಹಣಸಹಾಯದ ಯೋಜನೆ ಬಂತು. ಇಲ್ಲಿ ಗಮನಿಸಿ, ಲೆಗಸಿ ನಿಷೇಧಕ್ಕೆ ಸಾಕಾಗಿದ್ದು ಒಂದು ವಾಕ್ಯ. ಇದಕ್ಕೆ ವರ್ಷಗಟ್ಟಲೆ ಮಾತುಕತೆ, ಬಜೆಟ್ಟು, ಕೋರ್ಸ್ ಕೋರ್ಸ್‌ಗೂ ಹೊಂದಾಣಿಕೆ ಬೇಕಾಯಿತು.

ಯುವಿಎಯ ಕಲೆ ಮತ್ತು ವಿಜ್ಞಾನ ಕಾಲೇಜಿನ ಷರತ್ತು ಸ್ಥೂಲವಾಗಿ ಹೀಗಿದೆ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಮುಗಿಸಬೇಕು. ಜಿಪಿಎ, ಅಂದರೆ ಎಲ್ಲ ಕೋರ್ಸುಗಳ ಸರಾಸರಿ ಗ್ರೇಡು, 4ಕ್ಕೆ ಕನಿಷ್ಠ 3.4 ಇರಬೇಕು, ಅಂದರೆ ಬಿ ಪ್ಲಸ್‌ಗಿಂತ ಸ್ವಲ್ಪ ಮೇಲೆ. ಯಾವ ವಿಷಯದಲ್ಲೂ ಸಿ ಗ್ರೇಡಿಗಿಂತ ಕೆಳಗೆ ಇಳಿಯಬಾರದು. ಇಷ್ಟಾದರೆ ಸೀಟು ಸಿಕ್ಕೇ ಸಿಗುತ್ತದೆ. ಎಂಜಿನಿಯರಿಂಗ್‌ಗೆ ಬೇರೆ ಒಪ್ಪಂದ, ಬೇರೆ ಷರತ್ತು.

ಕರ್ನಾಟಕದವರಿಗೆ ತಕ್ಷಣ ನೆನಪಾಗುವುದು ಡಿಪ್ಲೊಮಾ ಮುಗಿಸಿ ಬಿಇ ಎರಡನೇ ವರ್ಷಕ್ಕೆ ಹೋಗುವ ಲ್ಯಾಟರಲ್ ಎಂಟ್ರಿ. ಹೋಲಿಕೆ ಇದೆ. ಆದರೆ ನಮ್ಮಲ್ಲಿ ಡಿಸಿಇಟಿ ಬರೆದು ರ‍್ಯಾಂಕ್ ತೆಗೆಯಬೇಕು, ಆ ರ‍್ಯಾಂಕಿಗೆ ಯಾವ ಕಾಲೇಜು ಬರುತ್ತದೋ ಅದು. ವರ್ಜೀನಿಯಾದಲ್ಲಿ ರ‍್ಯಾಂಕ್ ಇಲ್ಲ, ಪಕ್ಕದವರ ಜೊತೆ ಪೈಪೋಟಿ ಇಲ್ಲ. ಷರತ್ತು ಪೂರೈಸಿದವರು ಎಷ್ಟು ಜನ ಇದ್ದರೂ ಎಲ್ಲರಿಗೂ ಮಾತು ಕೊಟ್ಟ ಹಾಗೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದು ಕಾಗದದ ಮೇಲಿದೆ ಅನ್ನುವುದು. ಯುವಿಎಯಲ್ಲಿ ಲೆಗಸಿಯ ತೂಕ ಎಷ್ಟು ಅಂತ ಯಾರೂ ಬರೆದು ಕೊಡಲಿಲ್ಲ. ಸಿಕ್ಕವರಿಗೂ ತಾವು ಅದರಿಂದ ಸೇರಿದೆವೋ ಇಲ್ಲವೋ ಗೊತ್ತಿಲ್ಲ, ಸಿಗದವರಿಗೂ ಅದರಿಂದ ತಪ್ಪಿತೋ ಇಲ್ಲವೋ ಗೊತ್ತಿಲ್ಲ. ಅದು ಹೋದಾಗಲೂ ಅಷ್ಟೇ, ‘ಇದು ಈಗ ನನಗೆ ಬಂದ ಸೀಟು’ ಅಂತ ಯಾರೂ ಎದೆ ತಟ್ಟಿ ಹೇಳುವ ಹಾಗಿಲ್ಲ. ಒಪ್ಪಂದದ ಕಥೆ ಹಾಗಲ್ಲ. 3.4 ಬಂದಿದೆ, ಪದವಿ ಮುಗಿದಿದೆ, ಸೀಟು ಎಲ್ಲಿ ಅಂತ ಕೇಳುವ ಹಕ್ಕು ಒಬ್ಬ ಹುಡುಗನಿಗೋ ಹುಡುಗಿಗೋ ಇದೆ.

ಸ್ಟರ್ಲಿಂಗ್‌ನಿಂದ ಷಾರ್ಲಟ್ಸ್‌ವಿಲ್‌ಗೆ

ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ನಿಜವಾದವಳಲ್ಲ, ದಾರಿ ಎಲ್ಲೆಲ್ಲಿ ಕುಸಿಯುತ್ತದೆ ಅಂತ ತೋರಿಸುವುದಕ್ಕೆ. ಲೌಡನ್ ಕೌಂಟಿಯ ಸ್ಟರ್ಲಿಂಗ್‌ನಲ್ಲಿ ಮನೆ. ಹೈಸ್ಕೂಲಿನ ಹನ್ನೊಂದನೇ ತರಗತಿಯಲ್ಲಿ ಅಪ್ಪನ ಕೆಲಸ ಹೋಯಿತು, ಅಂಕ ಇಳಿಯಿತು. ಯುವಿಎಗೆ ಅರ್ಜಿ ಹಾಕಿದಳು, ಸಿಗಲಿಲ್ಲ. ಮನೆ ಹತ್ತಿರವೇ ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ ಕಾಲೇಜಿನ ಲೌಡನ್ ಕ್ಯಾಂಪಸ್ ಇದೆ. ನೋವಾ ಅಂತ ಕರೆಯುತ್ತಾರೆ, ರಾಜ್ಯದಲ್ಲೇ ಅತಿ ದೊಡ್ಡ ಕಮ್ಯುನಿಟಿ ಕಾಲೇಜು.

ಮೊದಲ ಅಡ್ಡಿ ಮನೆಯೊಳಗೆ. ಕನ್ನಡ ಸಂಘದ ಹಬ್ಬದ ಊಟದಲ್ಲಿ ಯಾರಾದರೂ ‘ಮಗಳು ಎಲ್ಲಿ ಓದ್ತಿದ್ದಾಳೆ?’ ಅಂತ ಕೇಳಿದರೆ ಅಮ್ಮನ ದನಿ ಸಣ್ಣಗಾಗುತ್ತದೆ. ಪಕ್ಕದ ಮನೆಯ ಹುಡುಗ ಸಾಲ ಮಾಡಿ ದೂರದ ಯಾವುದೋ ಖಾಸಗಿ ಕಾಲೇಜಿಗೆ ಹೋದರೆ ಅದಕ್ಕೆ ಮರ್ಯಾದೆ ಜಾಸ್ತಿ. ನೋವಾದಲ್ಲಿ ಒಂದು ವರ್ಷದ ಫೀಸು ಯುವಿಎಯ ಫೀಸಿನ ಮೂರನೇ ಒಂದು ಭಾಗಕ್ಕೂ ಕಮ್ಮಿ, ಮನೆಯಿಂದಲೇ ಹೋಗಿಬರಬಹುದು. ಕೊನೆಗೆ ಕೈಗೆ ಬರುವ ಪದವಿ ಪತ್ರ ಯುವಿಎಯದ್ದೇ. ಇದನ್ನು ಆ ಊಟದ ಪಂಕ್ತಿಯಲ್ಲಿ ಯಾರೂ ಹೇಳುವುದಿಲ್ಲ.

ಎರಡನೆಯದು ಕಾಲೇಜಿನ ಮೊದಲ ದಿನವೇ ಕಾದಿರುತ್ತದೆ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ಥರದ ಅಸೋಸಿಯೇಟ್ ಪದವಿಗಳಿವೆ. ಕೆಲವು ಮುಂದೆ ವಿವಿಗೆ ಹೋಗುವವರಿಗಾಗಿ ಮಾಡಿದವು. ಕೆಲವು ನೇರ ಕೆಲಸಕ್ಕೆ ಸೇರುವವರಿಗೆ. ಅವಕ್ಕೆ ‘ಅಪ್ಲೈಡ್’ ಅನ್ನುವ ಪದ ಸೇರಿರುತ್ತದೆ. ಎರಡೂ ಅರವತ್ತು ಕ್ರೆಡಿಟ್‌ನ (ಕೋರ್ಸು ಪಾಸಾದಾಗ ಪದವಿಯ ಲೆಕ್ಕಕ್ಕೆ ಸೇರುವ ಎಣಿಕೆ) ಆಸುಪಾಸು, ಹೆಸರೂ ಹೆಚ್ಚೂಕಮ್ಮಿ ಒಂದೇ. ಅಪ್ಲೈಡ್ ಹಿಡಿದರೆ ಖಾತ್ರಿ ಒಪ್ಪಂದಕ್ಕೆ ಅದು ನಡೆಯುವುದಿಲ್ಲ. ಗೊತ್ತಾಗುವಷ್ಟರಲ್ಲಿ ಒಂದು ವರ್ಷ ಹೋಗಿರುತ್ತದೆ. ಮನೆಯಲ್ಲಿ ಮೊದಲ ಬಾರಿ ಅಮೆರಿಕದ ಕಾಲೇಜು ನೋಡುತ್ತಿರುವವರಿಗೆ ಇದನ್ನು ಹೇಳುವವರು ಯಾರು? ಕಾಲೇಜಿನ ಸಲಹೆಗಾರರು. ಅವರು ಬೆರಳೆಣಿಕೆಯಷ್ಟು ಜನ, ಮಕ್ಕಳು ಸಾವಿರಾರು.

ಮೂರನೆಯದು ಕ್ರೆಡಿಟ್ ಸೋರಿಹೋಗುವುದು. ಇದು ಇಡೀ ಅಮೆರಿಕದ ರೋಗ. ಕೇಂದ್ರ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಒಂದು ವರದಿ ಕೊಟ್ಟಿತು. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು. ಓದಿದ್ದು, ಫೀಸು ಕಟ್ಟಿದ್ದು, ಪಾಸಾಗಿದ್ದು, ಆದರೆ ಹೊಸ ಕಾಲೇಜು ಲೆಕ್ಕಕ್ಕೆ ಹಿಡಿಯಲಿಲ್ಲ. ವರ್ಜೀನಿಯಾ 2018ರಲ್ಲಿ ಇದಕ್ಕೆ ಕಾನೂನು ತಂದಿತು: ರಾಜ್ಯದ ಸರ್ಕಾರಿ ವಿವಿಗಳು ಒಪ್ಪಿಕೊಳ್ಳಬೇಕಾದ 16 ಕ್ರೆಡಿಟ್‌ನ ಒಂದು ‘ಪಾಸ್‌ಪೋರ್ಟ್’, ಅದರ ಮೇಲೆ ಸುಮಾರು 30 ಕ್ರೆಡಿಟ್‌ನ ಒಂದು ಸರ್ಟಿಫಿಕೇಟ್, ಯಾವ ಕೋರ್ಸು ಎಲ್ಲಿ ನಡೆಯುತ್ತದೆ ಅಂತ ನೋಡಲು ಒಂದು ಪೋರ್ಟಲ್. ನಮ್ಮ ಹುಡುಗಿ ಮೊದಲ ಸೆಮಿಸ್ಟರ್‌ನಲ್ಲೇ ಆ ಪೋರ್ಟಲ್ ತೆರೆದು ಕೂತರೆ ಅರ್ಧ ಗೆದ್ದ ಹಾಗೆ. ಯುವಿಎಯಲ್ಲಿ ಕಲೆ ಮತ್ತು ವಿಜ್ಞಾನದವರಿಗೆ ಇನ್ನೊಂದು ಭಾಷೆಯನ್ನು ಮಧ್ಯಮ ಹಂತದವರೆಗೆ ಕಲಿತಿರಬೇಕು ಅನ್ನುವ ನಿಯಮವಿದೆ. ನೋವಾದಲ್ಲೇ ಸ್ಪ್ಯಾನಿಷ್ ತರಗತಿ ಶುರುಮಾಡದಿದ್ದರೆ ಮೂರನೇ ವರ್ಷ ಅದರ ಹಿಂದೆಯೇ ಓಡಬೇಕಾಗುತ್ತದೆ.

ನಾಲ್ಕನೆಯದು ನಮ್ಮವರು ಸಾಮಾನ್ಯವಾಗಿ ತಪ್ಪು ತಿಳಿಯುವ ಜಾಗ. ಖಾತ್ರಿ ಸಿಗುವುದು ಕಾಲೇಜಿಗೆ. ಬೇಕಾದ ವಿಷಯಕ್ಕೆ ಅಲ್ಲ. ಹೆಸರಾಂತ ಮೆಕಿಂಟೈರ್ ವಾಣಿಜ್ಯ ಶಾಲೆಗೆ ಹೋಗಬೇಕು ಅಂದರೆ ಬೇರೆ ಅರ್ಜಿ, ಬೇರೆ ಪೈಪೋಟಿ. ‘ಯುವಿಎ ಗ್ಯಾರಂಟಿ’ ಅಂತ ಕೇಳಿ ಬಂದವರು ಇಲ್ಲಿ ಮುಗ್ಗರಿಸುತ್ತಾರೆ.

ಇಷ್ಟೆಲ್ಲ ದಾಟಿ ಷಾರ್ಲಟ್ಸ್‌ವಿಲ್‌ಗೆ ಬಂದಳು ಅಂತಿಟ್ಟುಕೊಳ್ಳಿ. ಪದವಿಗೆ ಬೇಕಾದ 120 ಕ್ರೆಡಿಟ್‌ನಲ್ಲಿ ಅರ್ಧ ಯುವಿಎಯಲ್ಲೇ ಮಾಡಬೇಕು. ಉಳಿದವರಿಗೆ ನಾಲ್ಕು ವರ್ಷ, ಇವಳಿಗೆ ಎರಡು. ಗುರುತಿನ ಪ್ರಾಧ್ಯಾಪಕರು ಇಲ್ಲ. ಲ್ಯಾಬ್‌ಗಳಲ್ಲಿ ಎರಡನೇ ವರ್ಷದಿಂದಲೇ ಬೇರೆಯವರು ಸೇರಿಕೊಂಡಿದ್ದಾರೆ. ಮೊದಲ ವರ್ಷ ಒಂದೇ ಹಾಸ್ಟೆಲ್‌ನಲ್ಲಿ ಇದ್ದವರು ಈಗ ಒಟ್ಟಿಗೆ ಮನೆ ಬಾಡಿಗೆಗೆ ಹಿಡಿದಿದ್ದಾರೆ. ಮುಂದೆ ಕೆಲಸಕ್ಕೆ, ಪಿಎಚ್‌ಡಿಗೆ ಶಿಫಾರಸು ಪತ್ರ ಬರೆಯುವವರನ್ನು ಎರಡು ಸೆಮಿಸ್ಟರ್‌ನಲ್ಲಿ ಹುಡುಕಿಕೊಳ್ಳಬೇಕು. ಕಷ್ಟ, ಆದರೆ ಆಗದ್ದಲ್ಲ.

ಈ ಹುಡುಗಿ ಉತ್ತರ ವರ್ಜೀನಿಯಾದವಳು ಅನ್ನುವುದೇ ಒಂದು ಅದೃಷ್ಟ. ರಾಜ್ಯದ ಇನ್ನೊಂದು ತುದಿ, ನೈರುತ್ಯದ ಕಲ್ಲಿದ್ದಲು ಸೀಮೆಯನ್ನು ನೋಡಿ. ಬಿಗ್ ಸ್ಟೋನ್ ಗ್ಯಾಪ್‌ನಲ್ಲಿ ಮೌಂಟನ್ ಎಂಪೈರ್ ಕಮ್ಯುನಿಟಿ ಕಾಲೇಜು ಇದೆ. ಒಪ್ಪಂದ ಅಲ್ಲಿಯ ಮಕ್ಕಳಿಗೂ ಅದೇ, 3.4 ಅದೇ. ಆದರೆ ಅಲ್ಲಿಂದ ಷಾರ್ಲಟ್ಸ್‌ವಿಲ್ ಗಂಟೆಗಟ್ಟಲೆ ದಾರಿ. ಮನೆ ಬಿಡಬೇಕು, ಬಾಡಿಗೆ ಕಟ್ಟಬೇಕು, ಇರುವ ಕೆಲಸ ಬಿಡಬೇಕು. ಅಲ್ಲೇ ಹತ್ತಿರದಲ್ಲಿ ಯುವಿಎಯ ಒಂದು ಪುಟ್ಟ ಕಾಲೇಜು ಇದೆ, ವೈಸ್ ಊರಿನಲ್ಲಿ, 1954ರಲ್ಲಿ ಶುರುವಾದದ್ದು. ಬಹಳ ಜನಕ್ಕೆ ಅದೇ ಸಾಕಾಗುತ್ತದೆ, ಅಥವಾ ಅದೇ ಸಾಧ್ಯವಾಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಯಾವ ಒಪ್ಪಂದದಲ್ಲೂ ಬರೆದಿರುವುದಿಲ್ಲ.

ಇಡೀ ದೇಶದ ಲೆಕ್ಕ ನೋಡಿದರೆ ಎದೆ ಸ್ವಲ್ಪ ಕುಗ್ಗುತ್ತದೆ. ಕಮ್ಯುನಿಟಿ ಕಾಲೇಜಿಗೆ ಸೇರುವವರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ನಾಲ್ಕು ವರ್ಷದ ಕಾಲೇಜಿಗೆ ಹೋಗುತ್ತಾರೆ. ಆರು ವರ್ಷದೊಳಗೆ ಪದವಿ ಮುಗಿಸುವವರು ಶೇ 16ರಷ್ಟು. ಸೇರುವಾಗ ಪದವಿಯ ಆಸೆ ಇಟ್ಟುಕೊಂಡವರು ಬಹುಪಾಲು ಜನ.

ಎರಡನ್ನೂ ಪಕ್ಕಪಕ್ಕ ಇಟ್ಟರೆ

ಲೆಗಸಿ ತೆಗೆದದ್ದು ಸರಿ, ತಡವಾಯಿತು. ಆದರೆ ಅದರಿಂದ ನೋವಾದ ತರಗತಿಯಲ್ಲಿ ಕೂತಿರುವ ಒಬ್ಬ ಹುಡುಗಿಗೂ ನೇರ ಲಾಭ ಇಲ್ಲ. ಅವಳಿಗೆ ಬೇಕಾಗಿರುವುದು ಇನ್ನಷ್ಟು ಸಲಹೆಗಾರರು, ಷಾರ್ಲಟ್ಸ್‌ವಿಲ್‌ನಲ್ಲಿ ಹೊಸದಾಗಿ ಬಂದವರಿಗೆ ಹಾಸ್ಟೆಲ್ ಜಾಗ, ಬಂದ ದಿನವೇ ಲ್ಯಾಬಿನ ಬಾಗಿಲು. ಇವಕ್ಕೆಲ್ಲ ಪ್ರತಿ ವರ್ಷ ದುಡ್ಡು ಬೇಕು. ದುಡ್ಡಿನ ಮಸೂದೆಗೆ ಎರಡೂ ಪಕ್ಷ ಸೇರಿ ಒಂದೂ ವಿರೋಧ ಮತವಿಲ್ಲದೆ ಕೈ ಎತ್ತುವುದನ್ನು ನಾನಂತೂ ನೋಡಬೇಕು.

ಅರ್ಲಿ ಡಿಸಿಷನ್ ಬಗ್ಗೆ ಆ ಕಾನೂನು ಮಾತೇ ಆಡಲಿಲ್ಲ. ಅನುಕೂಲಸ್ಥರಿಗೆ ಅದರಿಂದ ಸಿಗುವ ಸಹಾಯ ಅಪ್ಪ ಓದಿದ ಕಾಲೇಜಿನ ಹೆಸರಿಗಿಂತ ಕಮ್ಮಿಯೇನಲ್ಲ. ವರ್ಜೀನಿಯಾ ಟೆಕ್ ಎರಡನ್ನೂ ಒಟ್ಟಿಗೆ ತೆಗೆದದ್ದು ನನ್ನ ಕಣ್ಣಿಗೆ ಹೆಚ್ಚು ಪ್ರಾಮಾಣಿಕ.

ಇನ್ನೊಂದು ವ್ಯತ್ಯಾಸವನ್ನು ಸ್ಟರ್ಲಿಂಗ್‌ನ ಆ ಮನೆಯವರು ತಿಳಿದುಕೊಂಡಿರುವುದು ಒಳ್ಳೆಯದು. ಲೆಗಸಿ ನಿಷೇಧ ರಾಜ್ಯದ ಕಾನೂನಿನಲ್ಲಿದೆ, ಬದಲಿಸಬೇಕಾದರೆ ಶಾಸನಸಭೆಯೇ ಸೇರಬೇಕು. 3.4 ಅನ್ನುವ ಅಂಕಿ ಮಾತ್ರ ಕಾನೂನಿನಲ್ಲಿ ಇಲ್ಲ, ವಿವಿ ಮತ್ತು ಕಮ್ಯುನಿಟಿ ಕಾಲೇಜು ವ್ಯವಸ್ಥೆಯ ನಡುವಿನ ಒಪ್ಪಂದದಲ್ಲಿದೆ. ಅದು 3.5 ಆಗುವುದಕ್ಕೆ ಒಂದು ಮೀಟಿಂಗ್ ಸಾಕು. ಹಾಗಾಗಿ ನೋವಾಕ್ಕೆ ಸೇರಿದ ದಿನವೇ ಆ ವರ್ಷದ ಒಪ್ಪಂದವನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಲಿ. ಅದನ್ನು ಹಿಡಿದು ಸಲಹೆಗಾರರ ಹತ್ತಿರ ಹೋಗಿ, ಮುಂದೆ ಷರತ್ತು ಬದಲಾದರೆ ಯಾವುದು ತನಗೆ ಅನ್ವಯ ಅಂತ ಇಮೇಲ್‌ನಲ್ಲೇ ಕೇಳಿ, ಉತ್ತರವನ್ನೂ ಅದರ ಜೊತೆಗೇ ಇಟ್ಟುಕೊಳ್ಳಲಿ.